ಒಂದೇ ತಿಪ್ಪೆಯಲ್ಲಿ ಸಿಕ್ಕಿದ್ದು

ಕಿನ್ನರದಿಂದ ಓದುಗರೊಬ್ಬರು ಕಾರ್ಡು ಬರೆದಿದ್ದಾರೆ. ನಿವೃತ್ತ ಮಾಸ್ತರರು, ಅಕ್ಷರ ಇನ್ನೂ ಕರಿಹಲಗೆಯ ಮೇಲೆ ಬರೆದಷ್ಟು ದುಂಡಗಿದೆ. "ಗ್ರೀಕರು ನಮ್ಮ ಕಾರವಾರದ ಕಡಲಿಗೆ ಬಂದಿದ್ದರು, ಅವರ ನಾಟಕದಲ್ಲಿ ಕನ್ನಡ ಮಾತು ಉಂಟು ಎಂದು ಭಾಷಣವೊಂದರಲ್ಲಿ ಕೇಳಿದೆ. ಇದು ನಿಜವೋ, ವೇದಿಕೆಯ ಹುರುಪೋ? ಸಂಪಾದಕರು ತಿಳಿಸಬೇಕು." ಎರಡು ಸಾಲಿನಲ್ಲಿ ಮುಗಿಸುವ ಉತ್ತರ ಇದಕ್ಕಿಲ್ಲ. ಹಾಗಾಗಿ ಈ ಸಂಚಿಕೆಯ ಸಂಪಾದಕೀಯದ ಜಾಗವನ್ನು ಮಾಸ್ತರರಿಗೇ ಬಿಟ್ಟಿದ್ದೇನೆ.

ಈಜಿಪ್ಟಿನಲ್ಲಿ, ಕೈರೋದ ದಕ್ಷಿಣಕ್ಕೆ, ಆಕ್ಸಿರಿಂಕಸ್ ಎಂಬ ಹಳೆಯ ಪಟ್ಟಣವಿತ್ತು. ಮಳೆಯೇ ಇಲ್ಲದ ನಾಡು. ಅಲ್ಲಿನವರು ಶತಮಾನಗಟ್ಟಲೆ ಊರಾಚೆ ಎಸೆದ ಕಾಗದಪತ್ರ ಮರಳಿನಡಿ ಕೊಳೆಯದೆ ಉಳಿಯಿತು. ಆಕ್ಸ್‌ಫರ್ಡಿನ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು 1896-97ರ ಚಳಿಗಾಲದಲ್ಲಿ ಆ ತಿಪ್ಪೆಗಳನ್ನು ಅಗೆಯತೊಡಗಿದರು. ತೆರಿಗೆಯ ರಸೀದಿ, ಸಾಲದ ಪತ್ರ, ಮಗ ಅಪ್ಪನಿಗೆ ಬರೆದ ತಕರಾರು, ಹೋಮರನ ಸಾಲು, ಎಲ್ಲವೂ ಪಪೈರಸ್ಸಿನ ಚೂರುಗಳಲ್ಲಿ ಎದ್ದು ಬಂದವು. ಮೊದಲ ಚಳಿಗಾಲದಲ್ಲೇ ಯೇಸುವಿನ ಮಾತುಗಳಿದ್ದ ಗ್ರೀಕ್ ಹಾಳೆಯೊಂದು ಸಿಕ್ಕಿತು, 1897ರಲ್ಲಿ ಅಚ್ಚಾಯಿತು. ಬೈಬಲಿನ ನಾಲ್ಕು ಸುವಾರ್ತೆಗಳಲ್ಲಿ ಇಲ್ಲದ ಮಾತುಗಳೂ ಅದರಲ್ಲಿದ್ದವು. ಅದು 'ಥೋಮನ ಸುವಾರ್ತೆ'ಯ ಹಾಳೆ ಎಂದು ಗೊತ್ತಾದದ್ದು 1945ರಲ್ಲಿ ಈಜಿಪ್ಟಿನದೇ ನಾಗ್ ಹಮ್ಮಾದಿಯಲ್ಲಿ ಆ ಗ್ರಂಥದ ಕಾಪ್ಟಿಕ್ ಪ್ರತಿ ದೊರೆತ ಮೇಲೆ.

ಮಾಸ್ತರರು ಕೇಳಿದ ನಾಟಕ ಬಂದದ್ದೂ ಇದೇ ಊರಿನ ತಿಪ್ಪೆಗಳಿಂದ. 1903ರಲ್ಲಿ ಪ್ರಕಟವಾಯಿತು, ಆಕ್ಸಿರಿಂಕಸ್ ಪಪೈರಸ್ಸುಗಳಲ್ಲಿ ಸಂಖ್ಯೆ 413. ಹಸ್ತಪ್ರತಿ ಎರಡನೇ ಶತಮಾನದ್ದು. ಖಾರಿಟಿಯನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲತೀರದ ಒಂದು ಗುಡಿಯಲ್ಲಿ ಸೆರೆಯಾಗಿದ್ದಾಳೆ. ಅಣ್ಣ ಹಡಗು ತಂದಿದ್ದಾನೆ. ಜೊತೆಗೊಬ್ಬ ವಿದೂಷಕ, ಅವನ ಆಯುಧ ಅಪಾನವಾಯು. ದೇವಿಯ ಕಾಣಿಕೆಯನ್ನೂ ಎತ್ತಿಕೊಂಡು ಹೋಗೋಣ ಎನ್ನುತ್ತಾನೆ, ಹುಡುಗಿ ಗದರಿಸುತ್ತಾಳೆ. ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ರಾಜನನ್ನೂ ಅವನ ಮಂದಿಯನ್ನೂ ಕೆಡವಿ, ಇವರು ಹಡಗು ಹತ್ತುತ್ತಾರೆ. ಎಲ್ಲಿ ವಾದ್ಯ ಬಡಿಯಬೇಕು ಎಂಬ ಗುರುತುಗಳೂ ಪ್ರತಿಯಲ್ಲಿವೆ. ಅಂಕೋಲೆಯ ಕಡೆ ರಾತ್ರಿಯಿಡೀ ಆಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಚಂಡೆಯ ಪೆಟ್ಟು, ಹಾಸ್ಯಗಾರ, ಅರ್ಥವಾಗದ ಭಾಷೆಯಲ್ಲಿ ಅಬ್ಬರಿಸುವ ಬಣ್ಣದ ವೇಷ.

ಆ ಅರ್ಥವಾಗದ ಭಾಷೆಯೇ ತಕರಾರಿನ ಮೂಲ. ರಾಜ ಮತ್ತು ಅವನ ಕಡೆಯವರು ಆಡುವ ಮಾತು ಗ್ರೀಕ್ ಅಲ್ಲ. ಮದ್ರಾಸಿನಲ್ಲಿ ಸರ್ಕಾರದ ಶಾಸನತಜ್ಞರಾಗಿದ್ದು ಜರ್ಮನಿಗೆ ಮರಳಿದ್ದ ಹುಲ್ಷ್ ಅವರು 1904ರಲ್ಲಿ ಅದು ಕನ್ನಡ ಎಂದರು. ಒಂದು ಸಾಲನ್ನು 'ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ' ಎಂದು ಓದಿದರು. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಮೈಸೂರಿನ ಶಾಮಶಾಸ್ತ್ರಿಗಳು ಆ ಜಾಡಿನಲ್ಲೇ ಮುಂದೆ ಹೋದರು. 1926ರಲ್ಲಿ ಲಂಡನ್ನಿನ ಬಾರ್ನೆಟ್, ಇದು ಕನ್ನಡವೆಂಬ ಮಾತು ನಿಲ್ಲುವುದಿಲ್ಲ ಎಂದು ಬರೆದರು. ತುಳು ಎಂದವರು ಉಂಟು, ನಗಿಸಲು ಹೊಸೆದ ಬರೀ ಸದ್ದು ಎಂದವರೂ ಉಂಟು. ನಾಟಕದ ಘಟನೆ ನಡೆದದ್ದು ಮಲ್ಪೆಯ ಆಸುಪಾಸಿನಲ್ಲಿ ಎಂಬ ವಾದವೂ ಎದ್ದಿತು.

ನನ್ನ ಮಟ್ಟಿಗೆ ಹೇಳುವುದಾದರೆ, 'ಕೊಂಚ ಹಾಕಿ' ನನಗೆ ಒಪ್ಪಿಗೆಯಾಗುವುದಿಲ್ಲ. ಕ್ರಿ.ಶ. 450ರ ಸುಮಾರಿನ ಹಲ್ಮಿಡಿ ಶಾಸನದ ಕನ್ನಡವನ್ನೇ ನಾವು ಟಿಪ್ಪಣಿಯಿಲ್ಲದೆ ಓದಲಾರೆವು. ಅದಕ್ಕಿಂತ ಮುನ್ನೂರು ವರ್ಷ ಹಿಂದಿನ ಕುಡುಕ ರಾಜ ನಮ್ಮ ಪೇಟೆಯ ಕನ್ನಡ ಆಡಿದ ಎಂದರೆ ಹೇಗೆ ನಂಬುವುದು? 'ಹಾಕಿ'ಯಂಥ ಮಾತಿನಲ್ಲಿ 'ಪ'ಕಾರ 'ಹ'ಕಾರವಾದದ್ದು ಎಷ್ಟು ತಡವಾಗಿ ಎಂದು ಕನ್ನಡ ಎಂ.ಎ. ಓದಿದ ಯಾರೂ ಬಲ್ಲರು. ಹಾಗೆಂದು ನಾಟಕ ಬರೆದವನು ನಮ್ಮ ಕಡೆಯ ಯಾವ ಮಾತನ್ನೂ ಕಿವಿಯಾರೆ ಕೇಳಿರಲಿಲ್ಲ ಎಂದೂ ನಾನು ಹೇಳಲಾರೆ. ಮೆಣಸಿನ ಹಡಗಿನಲ್ಲಿ ಹೋಗಿಬಂದ ಖಲಾಸಿಗಳು ಈಜಿಪ್ಟಿನಲ್ಲಿ ಇದ್ದಿರಲೇಬೇಕು.

ಈ ನಾಟಕದ ಚರ್ಚೆಗೆ ಕೈಹಾಕಿದ ನಮ್ಮವರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಒಬ್ಬರು (1883-1963). ಮನೆಮಾತು ಕೊಂಕಣಿ, ಬರೆದದ್ದು ಕನ್ನಡ. ಕಾರವಾರದ ಮಂದಿಗೆ ಇದರಲ್ಲಿ ಬೆರಗೇನಿಲ್ಲ. ಓದಲು ಮದ್ರಾಸಿಗೆ ಹೋಗಿದ್ದವರು ತಂದೆ ತೀರಿಕೊಂಡಾಗ ಪದವಿ ಮುಗಿಸದೆ ಊರಿಗೆ ಮರಳಿದರು. ಮನೆಯಲ್ಲೇ ಕೂತು ಕಲಿತ ಭಾಷೆಗಳಲ್ಲಿ ಗ್ರೀಕ್, ಲ್ಯಾಟಿನ್ ಕೂಡ ಇದ್ದವು. ಅದೇ ಪೈಗಳು 1930ರ ದಶಕದಲ್ಲಿ ಯೇಸುವಿನ ಕೊನೆಯ ದಿನವನ್ನು ವಸ್ತುವಾಗಿಟ್ಟು 'ಗೊಲ್ಗೊಥಾ' ಎಂಬ ಖಂಡಕಾವ್ಯ ಹೊರತಂದರು. 1949ರಲ್ಲಿ ಮದ್ರಾಸ್ ಸರ್ಕಾರ ಅವರಿಗೆ ರಾಷ್ಟ್ರಕವಿ ಪದವಿ ಕೊಟ್ಟಿತು. ಪಠ್ಯಪುಸ್ತಕಗಳು ಕಾವ್ಯವನ್ನು ಒಂದು ಕಡೆ, ಸಂಶೋಧನೆಯನ್ನು ಇನ್ನೊಂದು ಕಡೆ ಇಟ್ಟು ಬೇರೆ ಬೇರೆ ಪಾಠ ಮಾಡುತ್ತವೆ. ನನಗೆ ಕಾಣುವುದು ಒಂದೇ ಕಣ್ಣು. ರೋಮನ್ ಅಧಿಕಾರಿ ಪಿಲಾತನ ಮುಂದೆ ನಿಂತ ಯೇಸುವನ್ನು ನೋಡಿದ ಕಣ್ಣೇ, ಆಕ್ಸಿರಿಂಕಸ್ಸಿನ ಕುಡುಕ ರಾಜನನ್ನೂ ನೋಡಿತು. ಒಂದೇ ತಿಪ್ಪೆಯ ಎರಡು ಬಗೆಯ ಹಾಳೆಯೂ ಬೇಕಾಗಿದ್ದ ಓದುಗ ನಮ್ಮ ಕರಾವಳಿಯಲ್ಲಿ ಒಬ್ಬರಾದರೂ ಇದ್ದರು. ಇಂದು ನಮ್ಮಲ್ಲಿ ಗ್ರೀಕ್ ನಾಟಕದ ಕನ್ನಡದ ಬಗ್ಗೆ ಹೆಮ್ಮೆಯ ಭಾಷಣ ಮಾಡುವವರು ಬೇಕಾದಷ್ಟು. ಗ್ರೀಕ್ ಅಕ್ಷರಮಾಲೆ ಕೂಡಿಸಿ ಓದುವವರನ್ನು ಹುಡುಕಬೇಕು.

ಇನ್ನು ಕಾರವಾರದ ಮಾತು. ಒಂದನೇ ಶತಮಾನದ ಹೆಸರು ತಿಳಿಯದ ಗ್ರೀಕ್ ವ್ಯಾಪಾರಿಯೊಬ್ಬ ಬರೆದ 'ಪೆರಿಪ್ಲಸ್' ಎಂಬ ಕಡಲದಾರಿಯ ಕೈಪಿಡಿ ಇದೆ. ಅದರ ಉಳಿದಿರುವ ಅತಿ ಹಳೆಯ ಹಸ್ತಪ್ರತಿ ಹತ್ತನೇ ಶತಮಾನದ್ದು, ಹೈಡೆಲ್‌ಬರ್ಗಿನಲ್ಲಿದೆ. ಅದರ 53ನೇ ಖಂಡದಲ್ಲಿ ಪಶ್ಚಿಮ ಕರಾವಳಿಯ ಹೆಸರುಗಳು ಸಾಲಾಗಿ ಬರುತ್ತವೆ: ಐಗಿದಿಯೊಯ್ ದ್ವೀಪ, ಕೈನೈತೈ ದ್ವೀಪ, ಅವುಗಳ ಬಳಿ ಖೆರ್ಸೊನೆಸೊಸ್ ಎಂಬ ಭೂಶಿರ, ಅಲ್ಲೆಲ್ಲ ಕಡಲುಗಳ್ಳರು, ಮುಂದೆ 'ಬಿಳಿ ದ್ವೀಪ'. 1912ರಲ್ಲಿ ಇದನ್ನು ಇಂಗ್ಲಿಷಿಗೆ ತಂದ ಶಾಫ್ ಅವರು ಖೆರ್ಸೊನೆಸೊಸ್ ಎಂದರೆ ಕಾರವಾರ, ಕೈನೈತೈ ಎಂದರೆ ದೇವಗಡದ ಬಂಡೆಗಳು, ಬಿಳಿ ದ್ವೀಪ ಎಂದರೆ ನೇತ್ರಾಣಿ ಎಂದರು. ಐಗಿದಿಯೊಯ್‌ಗೆ ಗೋವೆ, ಅಂಜುದೀವ ಎರಡರ ಹೆಸರೂ ಕೇಳಿಬಂದಿದೆ. ಭೂಶಿರವನ್ನೇ ಗೋವೆಗೆ ಒಯ್ಯುವ ಪಂಡಿತರೂ ಇದ್ದಾರೆ. ನಮ್ಮ ಜಿಲ್ಲೆಯ ಮಟ್ಟಿಗೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬನವಾಸಿಯದು. ಎರಡನೇ ಶತಮಾನದ ಭೂಗೋಳಜ್ಞ ಟಾಲೆಮಿಯ ಪಟ್ಟಿಯಲ್ಲಿ ಆ ಹೆಸರು ಹೆಚ್ಚು ಕೆಡದೆ ಉಳಿದಿದೆ.

ಕ್ರೈಸ್ತ ಗ್ರಂಥಗಳೂ ಈ ತೀರವನ್ನು ಮುಟ್ಟಿವೆ. ಆರನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಕಾಸ್ಮಾಸ್, ಭೂಮಿ ಚಪ್ಪಟೆಯಾಗಿದೆ ಎಂದು ಸಾಧಿಸಲು ಹೊರಟು ಬರೆದ 'ಕ್ರೈಸ್ತ ಭೂವಿವರಣೆ'ಯಲ್ಲಿ ಮೆಣಸಿನ ಬಂದರುಗಳನ್ನು ಹೆಸರಿಸುತ್ತಾನೆ. ಅವುಗಳಲ್ಲಿ 'ಮಂಗರೂಥ್' ಎಂದರೆ ಮಂಗಳೂರು. ಕಲ್ಲಿಯಾನ ಎಂಬಲ್ಲಿ ಪರ್ಶಿಯಾದಿಂದ ನೇಮಕಗೊಂಡ ಬಿಷಪ್ ಇದ್ದ ಎಂದೂ ಬರೆಯುತ್ತಾನೆ. ಅದು ಮುಂಬಯಿ ಬಳಿಯ ಕಲ್ಯಾಣವೋ ಉಡುಪಿ ಬಳಿಯ ಕಲ್ಯಾಣಪುರವೋ ಎಂಬ ಜಗಳ ಇನ್ನೂ ಹರಿದಿಲ್ಲ. ಭೂಮಿಯ ಆಕಾರದಲ್ಲಿ ಪೂರಾ ಎಡವಿದವನು ಮೆಣಸಿನ ವಿಷಯದಲ್ಲಿ ಪಕ್ಕಾ ಇದ್ದ, ವ್ಯಾಪಾರಿ ನೋಡಿ.

ಮಾಸ್ತರರೇ, ಕಾರವಾರಕ್ಕೆ ಗ್ರೀಕರು ಬಂದು ಇಳಿದರು ಎಂದು ಈ ಯಾವ ಗ್ರಂಥವೂ ಹೇಳುವುದಿಲ್ಲ. ಪೆರಿಪ್ಲಸ್ಸಿನ ಮಾತು ಇಲ್ಲಿಗೆ ಹೊಂದುವುದೇ ಆದರೆ, ಕಳ್ಳರ ಹೆದರಿಕೆಯಿಂದ ಅವರು ಈ ತೀರವನ್ನು ದೂರದಿಂದಲೇ ಗುರುತು ಹಾಕಿಕೊಂಡು ದಾಟಿರಬೇಕು.

ಮುಂದಿನ ಸಂಚಿಕೆಯಲ್ಲಿ ಆ 53ನೇ ಖಂಡವನ್ನು ನಕಾಶೆಯೊಂದಿಗೆ ಕನ್ನಡದಲ್ಲಿ ಅಚ್ಚು ಮಾಡುವ ಎಣಿಕೆಯಿದೆ. ಪಂಡಿತರು ಗುರುತಿಸಿದ ಬಂಡೆಗಳಲ್ಲಿ ಕೆಲವಕ್ಕೆ ನಕಾಶೆಯಲ್ಲಿ ಇಂಗ್ಲಿಷರು ಇಟ್ಟ ಹೆಸರೇ ನಿಂತಿದೆ. ಬೈತಖೋಲ, ಮುದಗಾ, ಬೇಲೆಕೇರಿಯಿಂದ ದೋಣಿ ಇಳಿಸುವವರು ಆ ಒಂದೊಂದು ಬಂಡೆಯನ್ನೂ ಯಾವ ಹೆಸರಿನಿಂದ ಕರೆಯುತ್ತೀರಿ, ಯಾವುದರ ಮರೆಯಲ್ಲಿ ದೋಣಿ ಅಡಗಿಸಬಹುದು ಎಂದು ಬರೆದು ಕಳಿಸಿ. ಕೊಂಕಣಿಯಲ್ಲಿ ಬರೆದರೂ ಸರಿ.