ಹಡಗಿನ ಜಾತಕ

ಯಾವ ಹಡಗು ಈ ಗಳಿಗೆಯಲ್ಲಿ ಯಾವ ಕಡಲಿನಲ್ಲಿದೆಯೆಂಬುದನ್ನು ವಿದ್ಯಾರ್ಥಿ ನಿಲಯದ ಕೋಣೆಯಲ್ಲಿಯೇ ಕುಳಿತು ಕಾಣಬಹುದೆಂದು ಮಿತ್ರರೊಬ್ಬರು ತೋರಿಸಿದಾಗ ನಾನು ಬೆರಗಾದುದು ನಿಜ. ದೇಶಾಂತರ ಸಂಚರಿಸುವ ದೊಡ್ಡ ಹಡಗುಗಳು ತಮ್ಮ ಇರವನ್ನು ರೇಡಿಯೋ ಮೂಲಕ ಸಾರುತ್ತಿರಬೇಕೆಂಬುದು ನಿಯಮ. ಹೆಸರು, ಬಾವುಟ, ಒಡೆಯ ಎಷ್ಟು ಸಲ ಬದಲಾದರೂ ಅವುಗಳ ಏಳಂಕಿಯ ಗುರುತು ಸಂಖ್ಯೆ ಮಾತ್ರ ಕಟ್ಟಿದಂದಿನಿಂದ ಗುಜರಿಗೆ ಹೋಗುವವರೆಗೆ ಒಂದೇ. ನಮ್ಮ ಜಾತಕಗಳಿಗೂ ಇಷ್ಟು ನಿಷ್ಠೆಯಿಲ್ಲ! ಇನ್ನು ಮೋಸಕ್ಕೆ ಎಡೆಯೆಲ್ಲಿ ಎಂಬುದು ಮಿತ್ರರ ವಾದ. ನಾನು ಇದನ್ನು ಒಪ್ಪಲಾರೆ.

'ರೋಸಸ್' ಎಂಬ ಹಡಗನ್ನೇ ನೋಡಿ. 1986ರಲ್ಲಿ ಜಪಾನಿನಲ್ಲಿ ಕಟ್ಟಿದ್ದು. 2013ರಲ್ಲಿ 2,750 ಟನ್ ಅಮೋನಿಯಂ ನೈಟ್ರೇಟ್ ಹೇರಿಕೊಂಡು ಜಾರ್ಜಿಯದಿಂದ ಮೊಜಾಂಬಿಕಿಗೆ ಹೊರಟು, ನಡುವೆ ಬೈರೂತ್ ಬಂದರಿಗೆ ಬಂತು. ಯಾನಕ್ಕೆ ಯೋಗ್ಯವಲ್ಲವೆಂದು ಅಲ್ಲಿ ತಡೆದರು. ನಡೆಸುತ್ತಿದ್ದವನು ಕೈಬಿಟ್ಟ. ಕಪ್ತಾನನೂ ಮೂವರು ಸಿಬ್ಬಂದಿಯೂ ಸಂಬಳವಿಲ್ಲದೆ ತಿಂಗಳುಗಟ್ಟಲೆ ಹಡಗಿನಲ್ಲಿಯೇ ಸೆರೆಯಾದರು. 2014ರಲ್ಲಿ ಸರಕು ಬಂದರಿನ 12ನೆಯ ಉಗ್ರಾಣ ಸೇರಿತು. 2018ರಲ್ಲಿ ಹಡಗು ನಿಂತಲ್ಲಿಯೇ ಮುಳುಗಿತು. 2020ರ ಆಗಸ್ಟ್ 4ರಂದು ಆ ಉಗ್ರಾಣ ಸಿಡಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು.

ಹಡಗು ಎಲ್ಲಿದೆಯೆಂಬುದು ಯಾರಿಗೆ ತಿಳಿದಿರಲಿಲ್ಲ? ಯಾರದೆಂದು ಕೇಳಿದರೆ ಮಾತ್ರ, ಬಾವುಟ ಮಾಲ್ಡೋವಾದ್ದು, ಕಾಗದದಲ್ಲಿನ ಕಂಪನಿ ಪನಾಮದ್ದು, ನಡೆಸುತ್ತಿದ್ದವನು ಸೈಪ್ರಸಿನಲ್ಲಿದ್ದ ರಷ್ಯನ್ನನು! ಹಡಗಿನ ಜಾಡನ್ನು ತೆರೆದಿಟ್ಟಂತೆಯೇ ಅದರ ನಿಜವಾದ ಒಡೆಯನ ಹೆಸರನ್ನೂ ಎಲ್ಲರಿಗೂ ತೆರೆದಿಡಬೇಕು, ಇಲ್ಲದಿದ್ದರೆ ಯಾವ ಬಂದರೂ ಅದನ್ನು ಒಳಗೆ ಬಿಡಬಾರದು ಎಂದು ನನ್ನ ಅಭಿಪ್ರಾಯ. ಹಾಗಾದರೆ ಅರ್ಧ ಬಂದರುಗಳು ಬರಿದಾದಾವು ಎಂದು ಮಿತ್ರರು ನಕ್ಕರು. ಅವರಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ.