ಒಂದೇ ಲೇಖನಿ, ಮೂರು ತೆರಿಗೆ

ಸಿನಿಮಾಕ್ಕೆ ಸಂಭಾಷಣೆ ಬರೆಯುವವರು, ಕಾದಂಬರಿ ಬರೆಯುವವರು, ಪತ್ರಿಕೆಗೆ ಅಂಕಣ ಬರೆಯುವವರು ಓದುಗರ ಪಾಲಿಗೆ ಎಲ್ಲರೂ ಬರಹಗಾರರೇ. ಆದಾಯ ತೆರಿಗೆ ಕಾನೂನು ಮಾತ್ರ ಇವರನ್ನು ಬೇರೆ ಬೇರೆ ಪಂಕ್ತಿಯಲ್ಲಿ ಕೂರಿಸಿ ಬಡಿಸುತ್ತದೆ. ಕೊನೆಯ ಪಂಕ್ತಿ ಅಂಕಣಕಾರರದ್ದು.

ಮೊದಲ ಪಂಕ್ತಿ ಸಿನಿಮಾದವರದ್ದು. 1977ರ ಅಧಿಸೂಚನೆಯೊಂದು ಚಲನಚಿತ್ರ ಕಲಾವಿದರನ್ನು ವೈದ್ಯರು, ವಕೀಲರು, ಎಂಜಿನಿಯರುಗಳ ಸಾಲಿಗೆ ಸೇರಿಸಿತು. ನಟರು, ಛಾಯಾಗ್ರಾಹಕರ ಜೊತೆಗೆ ಗೀತರಚನೆಕಾರರು, ಕಥೆ, ಚಿತ್ರಕಥೆ ಮತ್ತು ಸಂಭಾಷಣೆ ಬರೆಯುವವರೂ ಆ ಪಟ್ಟಿಯಲ್ಲಿದ್ದಾರೆ. ಇದರ ಫಲ ದೊಡ್ಡದು. ವರ್ಷದ ಗಳಿಕೆ 50 ಲಕ್ಷ ರೂಪಾಯಿ ಮೀರದಿದ್ದರೆ ಅದರ ಅರ್ಧವನ್ನಷ್ಟೇ ಆದಾಯವೆಂದು ತೋರಿಸಿ ತೆರಿಗೆ ಕಟ್ಟಬಹುದು. ಉಳಿದರ್ಧ ಖರ್ಚಾಯಿತು ಎಂದು ಇಲಾಖೆ ಒಪ್ಪಿಕೊಳ್ಳುತ್ತದೆ. ಬಿಲ್ಲು ಕೇಳುವುದಿಲ್ಲ, ಲೆಕ್ಕದ ಪುಸ್ತಕ ಬೇಡ. ಮುಂಗಡ ತೆರಿಗೆಯನ್ನೂ ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಿದರೆ ಸಾಕು.

ಪುಸ್ತಕ ಬರೆಯುವವರಿಗೆ ಸಿಕ್ಕಿರುವುದು ಬೇರೆ ಬಗೆಯ ಸವಲತ್ತು. ಸಾಹಿತ್ಯ, ಕಲೆ, ವಿಜ್ಞಾನದ ಕೃತಿಗಳ ರಾಯಧನದಲ್ಲಿ ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಕಡಿತ ಪಡೆಯಲು 2003ರ ಹಣಕಾಸು ಕಾಯ್ದೆ ಅವಕಾಶ ಕೊಟ್ಟಿತು. ಶಾಲಾ ಪಠ್ಯ, ಗೈಡು, ನಿಯತಕಾಲಿಕ, ದಿನಪತ್ರಿಕೆಗಳ ಬರಹಕ್ಕೆ ಇದು ಸಲ್ಲದು. ಕನ್ನಡದ ಲೆಕ್ಕದಲ್ಲಿ ನೋಡಿದರೆ, 200 ರೂಪಾಯಿ ಬೆಲೆಯ ಪುಸ್ತಕ ಸಾವಿರ ಪ್ರತಿ ಖರ್ಚಾಗಿ ಶೇ 10ರಂತೆ ರಾಯಧನ ಬಂದರೆ ಲೇಖಕರ ಕೈಗೆ ಸಿಗುವುದು 20 ಸಾವಿರ. 3 ಲಕ್ಷ ಮುಟ್ಟಬೇಕಾದರೆ ವರ್ಷಕ್ಕೆ 15 ಸಾವಿರ ಪ್ರತಿ ಮಾರಬೇಕು. ಇನ್ನೊಂದು ತೊಡಕೂ ಇದೆ. ಈ ಕಡಿತ ಸಿಗುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. 2023-24ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯವಾಗುತ್ತದೆ. ಹಳೆಯದು ಬೇಕಿದ್ದವರು ಗಡುವಿನೊಳಗೆ ಅರ್ಜಿ ಕೊಟ್ಟು ಆರಿಸಿಕೊಳ್ಳಬೇಕು. ವೃತ್ತಿ ಆದಾಯವಿರುವವರು ಹಾಗೆ ಹೋಗಿ ಹೊಸದಕ್ಕೆ ಮರಳಿದರೆ, ಆ ಆದಾಯ ಇರುವತನಕ ಮತ್ತೆ ಹಳೆಯದರ ಬಾಗಿಲು ತೆರೆಯದು.

ಅಂಕಣಕಾರರಿಗೆ ಎರಡೂ ಇಲ್ಲ. ಸಂಬಳದಾರರಿಗೆ ಹೊಸ ಪದ್ಧತಿಯಲ್ಲಿ ಸಿಗುವ 75 ಸಾವಿರ ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಕೂಡ ಇಲ್ಲ. ಅವರಿಗೆ ಉಳಿಯುವುದು ನಿಜವಾಗಿ ಮಾಡಿದ ಖರ್ಚನ್ನು ಕಳೆಯುವ ದಾರಿ: ಇಂಟರ್‌ನೆಟ್ ಬಿಲ್ಲು, ಬರವಣಿಗೆಗೆಂದು ಕೊಂಡ ಪುಸ್ತಕ, ಸಂದರ್ಶನಕ್ಕೆ ಓಡಾಡಿದ ಬಸ್ಸು, ರೈಲಿನ ಟಿಕೆಟ್, ಕಂಪ್ಯೂಟರಿನ ಉಳಿದ ಮೌಲ್ಯದಲ್ಲಿ ವರ್ಷಕ್ಕೆ ಶೇ 40ರಂತೆ ಸವಕಳಿ. ರಸೀದಿ ಇಟ್ಟುಕೊಂಡವರಿಗಷ್ಟೇ ಈ ದಾರಿ.

ಇನ್ನು ಟಿಡಿಎಸ್. 2025-26ರ ನಿಯಮದಂತೆ ಒಂದು ಸಂಸ್ಥೆ ಒಬ್ಬ ಬರಹಗಾರರಿಗೆ ವರ್ಷದಲ್ಲಿ 50 ಸಾವಿರಕ್ಕಿಂತ ಹೆಚ್ಚು ವೃತ್ತಿಶುಲ್ಕ ಕೊಟ್ಟರೆ ಶೇ 10 ಹಿಡಿದುಕೊಳ್ಳಬೇಕು. ಪ್ಯಾನ್ ಕೊಡದಿದ್ದರೆ ಶೇ 20. ಒಂದು ವಾರಪತ್ರಿಕೆ, ಒಂದು ಅನುವಾದ ಸಂಸ್ಥೆ ಸೇರಿ ಒಬ್ಬ ಲೇಖಕಿಗೆ ವರ್ಷಕ್ಕೆ 7.2 ಲಕ್ಷ ಕೊಡುತ್ತವೆ ಎಂದುಕೊಳ್ಳೋಣ. ಇದರಲ್ಲಿ 72 ಸಾವಿರ ಮೊದಲೇ ಕಡಿತವಾಗಿರುತ್ತದೆ. ಖರ್ಚು 1.2 ಲಕ್ಷ ಕಳೆದರೆ ಆದಾಯ 6 ಲಕ್ಷ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇರುವುದರಿಂದ ಆಕೆ ಕಟ್ಟಬೇಕಾದ ತೆರಿಗೆ ಸೊನ್ನೆ. ಅಂದರೆ 72 ಸಾವಿರವೂ ಆಕೆಯದೇ. ಆದರೆ ರಿಟರ್ನ್ ಸಲ್ಲಿಸಿದರಷ್ಟೇ ಅದು ಬ್ಯಾಂಕ್ ಖಾತೆಗೆ ಮರಳುತ್ತದೆ. ‘ನಮಗೇನು ತೆರಿಗೆ ಬರುತ್ತದೆ ಬಿಡಿ’ ಎಂದು ಸುಮ್ಮನಿದ್ದರೆ ಒಂದು ತಿಂಗಳಿಗೂ ಮಿಕ್ಕಿದ ದುಡಿಮೆ ಹೋದಂತೆಯೇ.

ಹೆಚ್ಚು ಗಳಿಸುವವರ ತಲೆನೋವು ಬೇರೆ. ಟಿಡಿಎಸ್ ಕಳೆದ ಮೇಲೂ 10 ಸಾವಿರ ಅಥವಾ ಹೆಚ್ಚು ತೆರಿಗೆ ಬಾಕಿಯಿದ್ದರೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ರೊಳಗೆ ನಾಲ್ಕು ಕಂತಿನಲ್ಲಿ ಮುಂಗಡ ತೆರಿಗೆ ಕಟ್ಟಬೇಕು. ತಪ್ಪಿದರೆ ತಿಂಗಳಿಗೆ ಶೇ 1 ಬಡ್ಡಿ. ಸಂಭಾವನೆ ಯಾವಾಗ ಬಂದೀತೆಂದೇ ಗೊತ್ತಿಲ್ಲದವರು ಜೂನ್‌ನಲ್ಲೇ ಇಡೀ ವರ್ಷದ ಗಳಿಕೆ ಅಂದಾಜು ಮಾಡಬೇಕು!

ಪತ್ರಿಕಾ ಬರಹವನ್ನು ಹೊರಗಿಟ್ಟದ್ದು ಭಾರತ ಮಾತ್ರವಲ್ಲ. 1969ರಲ್ಲಿ ಐರ್ಲೆಂಡಿನ ಹಣಕಾಸು ಸಚಿವ ಚಾರ್ಲ್ಸ್ ಹಾಹಿ ಲೇಖಕರು, ಕಲಾವಿದರ ಸೃಜನಶೀಲ ಕೃತಿಗಳ ಆದಾಯಕ್ಕೆ ತೆರಿಗೆ ವಿನಾಯಿತಿ ತಂದರು. ಇಂದು ಅದರ ಮಿತಿ ವರ್ಷಕ್ಕೆ 50 ಸಾವಿರ ಯೂರೊ. ಅಲ್ಲೂ ಪತ್ರಿಕಾ ಬರಹಕ್ಕೆ ಜಾಗವಿಲ್ಲ.

1961ರ ಕಾಯ್ದೆಯ ಬದಲಿಗೆ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಕಲಮುಗಳ ಸಂಖ್ಯೆ ಬದಲಾಗಿದೆ, ತಾರತಮ್ಯ ಹಾಗೇ ಇದೆ. ರಾಯಧನದ 3 ಲಕ್ಷದ ಮಿತಿ 2003ರಿಂದ ಒಂದು ರೂಪಾಯಿಯೂ ಏರಿಲ್ಲ. ಆ ಮಿತಿಯನ್ನು ಏರಿಸುವುದು, ಹೊಸ ಪದ್ಧತಿಗೂ ಅದನ್ನು ವಿಸ್ತರಿಸುವುದು, ವೃತ್ತಿಪರರ ಪಟ್ಟಿಗೆ ಸ್ವತಂತ್ರ ಬರಹಗಾರರನ್ನು ಸೇರಿಸುವುದು ಸರ್ಕಾರಕ್ಕೆ ಭಾರವಾಗುವ ಕೆಲಸಗಳಲ್ಲ. ಲೇಖಕರ ಸಂಘಟನೆಗಳು ಮುಂದಿನ ಬಜೆಟ್ಟಿಗೆ ಮೊದಲೇ ಈ ಮೂರು ಬೇಡಿಕೆಗಳನ್ನು ಹಣಕಾಸು ಸಚಿವಾಲಯದ ಮುಂದಿಡಲಿ.