ಹೆಸರು ಹಳ್ಳಿಯ ಶಾಲೆಯಲ್ಲಿ, ಹುಡುಗ ಪೇಟೆಯ ಕೋಚಿಂಗಿನಲ್ಲಿ

ನಮ್ಮ ಉತ್ತರ ಕರ್ನಾಟಕದ ಪೇಟೆಗಳಲ್ಲಿ ಈಗ ಒಂದು ಹೊಸ ವ್ಯಾಪಾರ ಬೇರು ಬಿಟ್ಟಿದೆ. ನವೋದಯ, ಸೈನಿಕ, ಕಿತ್ತೂರು, ಮೊರಾರ್ಜಿ ಶಾಲೆಗಳ ಪ್ರವೇಶ ಪರೀಕ್ಷೆಗೆ 'ವಸತಿ ಸಹಿತ ತರಬೇತಿ' ಎಂಬ ಫಲಕಗಳನ್ನು ಎಲ್ಲಿ ನೋಡಿದರೂ ಕಾಣಬಹುದು. ಅವುಗಳ ಮೇಲೆ ಆಯ್ಕೆಯಾದ ಮಕ್ಕಳ ಭಾವಚಿತ್ರಗಳಿರುತ್ತವೆ. ಹಣ ಕಟ್ಟಿ, ಮನೆ ಬಿಟ್ಟು, ವರ್ಷವಿಡೀ ಉರು ಹೊಡೆದೂ ಆಯ್ಕೆಯಾಗದೆ ಊರಿಗೆ ಮರಳಿದ ಮಕ್ಕಳ ಭಾವಚಿತ್ರ ಎಲ್ಲಿಯೂ ಇರುವುದಿಲ್ಲ. ಸಂಖ್ಯೆಯಲ್ಲಿ ಅವರೇ ಹೆಚ್ಚು.

ಈ ಶಾಲೆಗಳ ಬಗ್ಗೆ ನಮಗೆ ತಕರಾರಿಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯೊಂದಿಗೆ ಬೆಳೆದ ನವೋದಯ ಶಾಲೆಗಳು ಹಳ್ಳಿಯ ಬಡ ಮಕ್ಕಳಿಗೆ ಊಟ, ವಸತಿ, ಒಳ್ಳೆಯ ಪಾಠ ಕೊಟ್ಟಿವೆ. ವಿಜಯಪುರದ ಸೈನಿಕ ಶಾಲೆ 1963ರಿಂದ ನಡೆಯುತ್ತಿದೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ತೊಂಬತ್ತರ ದಶಕದಿಂದ ಕೂಲಿಕಾರರ, ನೇಕಾರರ ಮಕ್ಕಳನ್ನು ಓದಿಸಿವೆ. ಅವುಗಳಲ್ಲಿ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗೆ ಸೇರಿದ ಶಾಲೆಗಳು ಶೇ. 75ರಷ್ಟು ಸೀಟುಗಳನ್ನು ಅಲ್ಪಸಂಖ್ಯಾತ ಮಕ್ಕಳಿಗೇ ಇಟ್ಟಿವೆ. ಇಂಥ ಶಾಲೆಗಳು ಇನ್ನೂ ಹೆಚ್ಚಬೇಕು. ನಮ್ಮ ಜಗಳ ಇರುವುದು ಆ ಶಾಲೆಯ ಬಾಗಿಲಲ್ಲಿ ಕುಳಿತ ವ್ಯಾಪಾರದ ಜೊತೆಗೆ, ಮತ್ತು ಅದಕ್ಕೆ ಗಿರಾಕಿಗಳಾದ ನಮ್ಮ ಜೊತೆಗೆ.

ನವೋದಯದ ಪರೀಕ್ಷೆಯನ್ನೇ ನೋಡಿ. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅದರಲ್ಲಿ 50 ಅಂಕ ಚಿತ್ರಗಳನ್ನು ನೋಡಿ ಉತ್ತರಿಸುವ ಮಾನಸಿಕ ಸಾಮರ್ಥ್ಯಕ್ಕೆ, 25 ಗಣಿತಕ್ಕೆ, 25 ಭಾಷೆಗೆ. ಪುಸ್ತಕವಿಲ್ಲದ ಮನೆಯ ಮಗು, ಓದಲು ಬಾರದ ತಂದೆತಾಯಿಯ ಮಗು ಪೇಟೆಯ ಮಗುವಿಗೆ ಸರಿಸಮವಾಗಿ ನಿಲ್ಲಲಿ ಎಂದೇ ಅರ್ಧದಷ್ಟು ಅಂಕಗಳನ್ನು ಚಿತ್ರಗಳಿಗೆ ಕೊಟ್ಟರು. ಆದರೆ ಅದೇ ಬಗೆಯ ಚಿತ್ರಗಳನ್ನು ಸಾವಿರ ಸಲ ಬಿಡಿಸಿ ಬಂದ ಹುಡುಗನ ಪಕ್ಕದಲ್ಲಿ, ಅಂಥ ಚಿತ್ರವನ್ನು ಪರೀಕ್ಷೆಯ ದಿನವೇ ಮೊದಲ ಬಾರಿ ನೋಡುವ ಹುಡುಗಿ ಕುಳಿತರೆ ಸಮಾನತೆ ಎಲ್ಲಿ ಉಳಿಯಿತು? ಅಲ್ಲಿ ಅಳೆಯುವುದು ಬುದ್ಧಿಯನ್ನಲ್ಲ, ತಂದೆಯ ಕಿಸೆಯನ್ನು.

ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿದೆ. ಜಿಲ್ಲೆಯ ನವೋದಯದಲ್ಲಿ ವರ್ಷಕ್ಕೆ 80 ಸೀಟು. ಅವುಗಳಲ್ಲಿ ಕನಿಷ್ಠ ಶೇ. 75, ಅಂದರೆ 60 ಸೀಟು, ಗ್ರಾಮೀಣ ಮಕ್ಕಳದ್ದು. ಮೂರು, ನಾಲ್ಕು ಮತ್ತು ಐದನೆಯ ತರಗತಿಗಳನ್ನು ಹಳ್ಳಿಯ ಶಾಲೆಯಲ್ಲೇ ಪೂರ್ತಿಯಾಗಿ ಓದಿದ ಮಗುವಿಗೆ ಮಾತ್ರ ಈ ಹಕ್ಕು. ಹಾಗಾದರೆ ವರ್ಷಗಟ್ಟಲೆ ಪೇಟೆಯ ಕೋಚಿಂಗ್ ಕೋಣೆಯಲ್ಲಿ ಇರುವ ಮಗು ಗ್ರಾಮೀಣ ಸೀಟಿಗೆ ಹೇಗೆ ಅರ್ಜಿ ಹಾಕುತ್ತದೆ? ಉತ್ತರ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಹೆಸರು ಹಳ್ಳಿಯ ಶಾಲೆಯ ಹಾಜರಿ ಪುಸ್ತಕದಲ್ಲಿ, ಹುಡುಗ ಪೇಟೆಯಲ್ಲಿ. ಮುಖ್ಯ ಗುರುಗಳಿಗೆ ಮಕ್ಕಳ ಸಂಖ್ಯೆ ಉಳಿಯಬೇಕು, ಪಾಲಕರಿಗೆ ಪ್ರಮಾಣಪತ್ರ ಬೇಕು, ಕೋಚಿಂಗಿನವರಿಗೆ ಫಲಿತಾಂಶ ಬೇಕು. ಮೂವರೂ ಸೇರಿ ಒಂದು ಸುಳ್ಳನ್ನು ಸಾಕುತ್ತಾರೆ.

ಈ ಸುಳ್ಳಿಗೆ ಬೆಲೆ ತೆರುವವರು ಯಾರು? ಬಾಗಲಕೋಟೆ ತಾಲೂಕಿನ ಬೇವೂರಿನಂಥ ಊರಿನಲ್ಲಿ ದಿನವೂ ಶಾಲೆಗೆ ನಡೆದುಹೋಗುವ, ಸಂಜೆ ಬಂದು ತಮ್ಮನನ್ನು ಆಡಿಸುವ, ತಂದೆತಾಯಿ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋದಾಗ ಅಜ್ಜಿಯ ಮನೆಯಲ್ಲಿ ಉಳಿಯುವ ಮಗು. ಆ 60 ಸೀಟು ಇದ್ದದ್ದೇ ಅವಳಿಗಾಗಿ. ಪರರ ಹಕ್ಕನ್ನು ಕಸಿಯುವುದು ಹರಾಮ್ ಎಂದು ವೇದಿಕೆಯ ಮೇಲೆ ಹೇಳುವ ನಾವು, ನಮ್ಮ ಮಗನ ಸೀಟಿನ ವಿಷಯ ಬಂದಾಗ ಅದನ್ನು ಜಾಣತನ ಎನ್ನುತ್ತೇವೆ.

"ನಮ್ಮ ಹಣೆಬರಹ ನಮಗಿರಲಿ, ಹುಡುಗನಾದರೂ ದಂಡಿಗೆ ಹತ್ತಲಿ" ಎಂದು ಪಾಲಕರು ಹೇಳುತ್ತಾರೆ. ಮಗ್ಗದ ಮುಂದೆ, ಕಲ್ಲಿನ ಕ್ವಾರಿಯಲ್ಲಿ ಬದುಕು ಸವೆಸಿದವರ ಈ ಮಾತನ್ನು ನಾವು ಹಗುರವಾಗಿ ಕಾಣುವುದಿಲ್ಲ. ಊರಿನ ಶಾಲೆಯಲ್ಲಿ ಮಾಸ್ತರರಿಲ್ಲದಿದ್ದರೆ ಅವರು ಬೇರೆ ಏನು ಮಾಡಬೇಕು ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಆದರೆ ಸಾಲ ಮಾಡಿ ಕೋಚಿಂಗಿಗೆ ಹಾಕಿದ ತಂದೆಗೆ ಒಂದು ಮಾತನ್ನು ಯಾರೂ ಹೇಳಿರುವುದಿಲ್ಲ. ನವೋದಯದ ಆರನೆಯ ತರಗತಿಯ ಪರೀಕ್ಷೆಯನ್ನು ಮಗು ಬರೆಯುವುದು ಒಂದೇ ಸಲ, ಎರಡನೆಯ ಅವಕಾಶವಿಲ್ಲ. ಎರಡು ಗಂಟೆಯ ಒಂದು ಬೆಳಗಿಗಾಗಿ ಹತ್ತು ವರ್ಷದ ಮಗುವಿನ ಎರಡು ವರ್ಷಗಳನ್ನು ಪಣಕ್ಕೆ ಇಡುತ್ತೇವೆ. ಆಯ್ಕೆಯಾಗದಿದ್ದರೆ ಅದು ಊರಿಗೆ ಮರಳುವುದು 'ಫೇಲಾದವನು' ಎಂಬ ಹೆಸರು ಹೊತ್ತು. ವಿಜ್ಞಾನ, ಸಮಾಜ, ಆಟ, ಚಿತ್ರಕಲೆ ಎಲ್ಲವನ್ನೂ 'ಪರೀಕ್ಷೆಗೆ ಬರುವುದಿಲ್ಲ' ಎಂದು ಬದಿಗಿಟ್ಟ ಆ ಎರಡು ವರ್ಷಗಳನ್ನು ಅದಕ್ಕೆ ಯಾರು ತಿರುಗಿ ಕೊಡುತ್ತಾರೆ?

ಕೇಂದ್ರ ಸರ್ಕಾರ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿತು. 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು ಎಂದು ಅದರಲ್ಲಿದೆ. ಕೋಟಾದ ಹದಿನೇಳರ ಹುಡುಗರ ಬಗ್ಗೆ ಪತ್ರಿಕೆಗಳು ಪುಟಗಟ್ಟಲೆ ಬರೆದವು. ನಮ್ಮ ಪೇಟೆಗಳ ಬಾಡಿಗೆ ಮನೆಗಳಲ್ಲಿ ಸಾಲಾಗಿ ಮಲಗುವ ಒಂಬತ್ತು, ಹತ್ತರ ಮಕ್ಕಳ ಬಗ್ಗೆ ಕೇಳುವವರು ಯಾರು? 2009ರ ಶಿಕ್ಷಣ ಹಕ್ಕು ಕಾಯ್ದೆ ಶಿಕ್ಷಕರು ಖಾಸಗಿ ಪಾಠ ಹೇಳಬಾರದೆಂದು ಹೇಳುತ್ತದೆ. ಆ ಮಾತು ಎಷ್ಟು ಕಡೆ ಪಾಲನೆಯಾಗುತ್ತಿದೆ ಎಂದು ಕ್ಷೇತ್ರ ಶಿಕ್ಷಣಾಧಿಕಾರಿಗಳು ಒಮ್ಮೆ ನೋಡಿದರೆ ಒಳಿತು.

ನಮ್ಮ ಸಮುದಾಯಕ್ಕೂ ಒಂದು ಮಾತು. ಒಬ್ಬ ಹುಡುಗ ಆಯ್ಕೆಯಾದರೆ ಅಂಜುಮನ್ ಶಾಲು ಹೊದಿಸುತ್ತದೆ, ಫೋಟೋ ಪತ್ರಿಕೆಗೆ ಹೋಗುತ್ತದೆ. ಸಂತೋಷ. ಆದರೆ 2006ರ ಸಾಚಾರ್ ವರದಿ 6ರಿಂದ 14 ವರ್ಷದ ಮುಸ್ಲಿಂ ಮಕ್ಕಳಲ್ಲಿ ಶೇ. 25ರಷ್ಟು ಶಾಲೆಗೆ ಹೋಗಿಯೇ ಇಲ್ಲ ಅಥವಾ ನಡುವೆ ಬಿಟ್ಟಿದ್ದಾರೆ ಎಂದು ಹೇಳಿತ್ತು. ಆ ಮಕ್ಕಳಿಗಾಗಿ ಎಷ್ಟು ಸಭೆ ನಡೆದವು? ಒಬ್ಬನನ್ನು ಮೇಲೆತ್ತಿದ ಹೆಮ್ಮೆಯಲ್ಲಿ ಕೆಳಗೆ ಉಳಿದವರನ್ನು ಮರೆಯುವುದು ಪ್ರಗತಿಯಲ್ಲ. ಹೆಣ್ಣುಮಕ್ಕಳ ಮಾತಂತೂ ಬೇರೆಯೇ. ನವೋದಯದಲ್ಲಿ ಮೂರನೆಯ ಒಂದು ಪಾಲು ಸೀಟು ಅವರಿಗಿದೆ, ಕಿತ್ತೂರಿನ ರಾಣಿ ಚೆನ್ನಮ್ಮ ಸೈನಿಕ ಶಾಲೆ 1969ರಿಂದ ಅವರಿಗಾಗಿಯೇ ಇದೆ. ಆದರೂ ಮನೆಯಲ್ಲಿ ಖರ್ಚು ಮಾಡುವ ಸರದಿ ಬಂದರೆ ಹಣ ಹೋಗುವುದು ಮಗನ ಕಡೆಗೇ.

ಮಾಡಬೇಕಾದದ್ದು ಕಷ್ಟದ್ದೇನಲ್ಲ. ನವೋದಯವಿರಲಿ, 300 ಅಂಕಗಳಲ್ಲಿ 150 ಗಣಿತಕ್ಕೇ ಇರುವ ಸೈನಿಕ ಶಾಲೆಯ ಪರೀಕ್ಷೆಯಿರಲಿ, ಎರಡನ್ನೂ ಕನ್ನಡದಲ್ಲೇ ಬರೆಯಬಹುದು. ಬೇಕಾದದ್ದು ಗಟ್ಟಿಯಾದ ಲೆಕ್ಕ, ಓದಿ ತಿಳಿಯುವ ಅಭ್ಯಾಸ, ಸ್ವಲ್ಪ ಚಿತ್ರಗಳ ಪರಿಚಯ. ಐದನೆಯ ತರಗತಿಯ ಎಲ್ಲ ಮಕ್ಕಳಿಗೂ ಊರಿನ ಸರ್ಕಾರಿ ಶಾಲೆಯಲ್ಲೇ ದಿನಕ್ಕೊಂದು ತಾಸು ಇದನ್ನು ಕಲಿಸಬಹುದು. ಶಾಲಾಭಿವೃದ್ಧಿ ಸಮಿತಿಯವರು ಕುಳಿತು ಕೇಳಲಿ. ಅಂಜುಮನ್‌ಗಳು ಶಾಲಿನ ಖರ್ಚಿನಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಮುದ್ರಿಸಿ ಹಿಂದೂ, ಮುಸ್ಲಿಂ ಎನ್ನದೆ ಎಲ್ಲ ಮಕ್ಕಳಿಗೆ ಹಂಚಲಿ. ಊರಿನ ಪದವೀಧರ ಯುವಕ ಯುವತಿಯರು ಸಂಜೆ ಒಂದು ತಾಸು ಕೊಡಲಿ. ಅರ್ಜಿ ತುಂಬಲು ಬಾರದ ತಾಯಂದಿರಿಗೆ ಯಾರಾದರೂ ತುಂಬಿಕೊಡಲಿ. ಮತ್ತು ಹಾಜರಿ ಪುಸ್ತಕದಲ್ಲಿ ಶಾಲೆಗೆ ಬಂದ ಮಗುವಿನ ಹೆಸರಿನ ಮುಂದೆ ಮಾತ್ರ ಗುರುತು ಬೀಳಲಿ.

ಇಷ್ಟಾದರೆ ಎಂಬತ್ತರಲ್ಲಿ ಒಂದು ಸೀಟು ಸಿಕ್ಕ ಮಗುವೂ ಕಲಿತಿರುತ್ತದೆ, ಸಿಗದ ಮಗುವೂ ಕಲಿತಿರುತ್ತದೆ. ಕೋಚಿಂಗಿನ ವ್ಯಾಪಾರ ಎಂದೂ ಕೊಡಲಾರದ ಫಲ ಅದು.